ಉಸಿರಿಗೆ ಬಿಟ್ಟ ಜಾಗ

"ಈ ಕೋಟು ಹೊಲಿದೋರು ಯಾರ್ರೀ?"

ಹೊಲಿಗೆ ಯಂತ್ರದ ಸದ್ದು ತಟ್ಟನೆ ನಿಂತಿತು. ಪುಷ್ಪಲತಾ ತಲೆ ಎತ್ತಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ನಿಂತವನ ಕಾಲು ಮಾತ್ರ ಅವಳಿಗೆ ಕಂಡಿತು. ಬಿಳಿ ಬೂಟು, ಕೆಂಪು ಪ್ಯಾಂಟು, ಪಕ್ಕದಲ್ಲಿ ಬಂಗಾರದ ಬಣ್ಣದ ಪಟ್ಟಿ... ಆ ಪಟ್ಟಿ ಹಚ್ಚಿದ್ದು ಅವಳೇ!

ಕೊಟ್ಟೂರಿನ ಬೆನಕಪ್ಪ ಮಾಸ್ತರರ ಬ್ಯಾಂಡ್ ಸೆಟ್ಟಿಗೆ ಹನ್ನೊಂದು ಜೊತೆ ಬಟ್ಟೆ ಹೊಲಿದುಕೊಟ್ಟು ಇನ್ನೂ ವಾರವಾಗಿರಲಿಲ್ಲ.

"ನಮ್ಮ ಅಂಗಡ್ಯಾಗ ಹೊಲಿದಿದ್ದರಿ. ಏನಾತೀಗ?" ಎನ್ನುತ್ತ ಕತ್ತರಿ ಕೆಳಗಿಟ್ಟು ಅಂಜಿನಕ್ಕ ಎದ್ದಳು. ಅಂಜಿನಕ್ಕ ಪುಷ್ಪಲತಾಳ ಸಣ್ಣವ್ವ, ಎಂದರೆ ಚಿಕ್ಕಮ್ಮ. ಹಗರಿಬೊಮ್ಮನಹಳ್ಳಿಯ ಬಸ್‌ಸ್ಟ್ಯಾಂಡ್ ಹಿಂದಿನ ಆ ಅಂಗಡಿ ಅವಳದೇ.

"ಏನಾತಾ? ನಿನ್ನಿ ಮೆರವಣಿಗ್ಯಾಗ ಸ್ಯಾಕ್ಸೊಫೋನ್‌ನ್ಯಾಗ ಮ್ಯಾಲಿನ ಸ್ವರ ಹಿಡಿದೆ ನೋಡ್ರಿ... ಟಪ್! ಗುಂಡಿ ಹಾರಿ ಮದಿಮಗನ ಗಲ್ಲಕ್ಕ ಬಡೀತು! ಬೀಗರು ಬಿದ್ದು ಬಿದ್ದು ನಕ್ರು. ಮಾಸ್ತರು ನನ್ನ ಬೈದ್ರು!"

ಅಂಜಿನಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಪುಷ್ಪಲತಾಳ ಕಿವಿ ಮಾತ್ರ ಕಾದವು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಸೂಜಿ ಹಿಡಿದಾಗಿನಿಂದ ಅವಳು ಹಾಕಿದ ಒಂದು ಗುಂಡಿಯೂ ಕಿತ್ತು ಬಂದಿರಲಿಲ್ಲ.

ಗಂಡಸರ ಮೈಗೆ ಟೇಪು ಹಿಡಿಯುವ ರೂಢಿ ಆ ಅಂಗಡಿಯಲ್ಲಿರಲಿಲ್ಲ. ಅವರು ತಮ್ಮ ಹಳೆಯ ಅಂಗಿಯೊಂದನ್ನು ಕಳಿಸುತ್ತಿದ್ದರು. ಅದೇ ಅಳತೆಗೆ ಇವರು ಹೊಲಿಯುತ್ತಿದ್ದರು.

"ಅಳತಿ ಅಂಗಿ ಕಳಿಸಿದ್ದು ನೀವರಿ..." ಎಂದಳು ಪುಷ್ಪಲತಾ. ದನಿ ಅವಳಿಗೇ ಕೇಳಿಸುವಷ್ಟು ಸಣ್ಣದಿತ್ತು.

"ಹೌದು. ಅದಕ್ಕ?"

"ಅಂಗಿ ಉಸ್ರಾಡಂಗಿಲ್ಲರಿ."

ಅವನು ಬಗ್ಗಿ ತನ್ನ ಎದೆ ನೋಡಿಕೊಂಡ. ಆಮೇಲೆ ಇಡೀ ಅಂಗಡಿಗೆ ಕೇಳುವ ಹಾಗೆ ನಕ್ಕುಬಿಟ್ಟ!

ಆಗ ಪುಷ್ಪಲತಾ ಮೊದಲ ಸಲ ತಲೆ ಎತ್ತಿ ನೋಡಿದಳು. ಗಾಳಿ ತುಂಬಿ ತುಂಬಿ ತುಸು ಉಬ್ಬಿದ ಕೆನ್ನೆ, ಕೆಳತುಟಿಯ ಮೇಲೆ ವಾದ್ಯ ಕಚ್ಚಿ ಬಿದ್ದ ಸಣ್ಣ ಕಲೆ... ತಟ್ಟನೆ ಮತ್ತೆ ತಲೆ ತಗ್ಗಿಸಿದಳು.

'ನೋಡಬಾರದಿತ್ತು' ಅಂದುಕೊಂಡಳು. ಆದರೆ ನೋಡಿ ಆಗಿತ್ತು!

*

ಅವನ ಹೆಸರು ಬಸವೇಶ. ಗುಂಡಿ ಹಾಕಿಸಲು ಬಂದವನು ನಾಲ್ಕು ದಿನಕ್ಕೆ ಕಾಲರ್ ಸರಿ ಮಾಡಿಸಲು ಬಂದ. ಮರುವಾರ ಹುಕ್ಕಿಗೆ ಬಂದ. ಅದರ ಮರುವಾರ ಯಾವ ನೆಪವೂ ಸಿಗದೆ ಸುಮ್ಮನೆ ನೀರು ಕೇಳಿದ.

"ಕೊಟ್ಟೂರಾಗ ನೀರಿಲ್ಲೇನ್ ತಮ್ಮಾ?" ಎಂದು ಅಂಜಿನಕ್ಕ ಕೇಳಿದರೆ, "ಅದಾವಕ್ಕಾ, ಇಷ್ಟು ತಣ್ಣಗಿಲ್ಲ" ಅಂದ.

ಪುಷ್ಪಲತಾ ಮಾತಾಡುತ್ತಿರಲಿಲ್ಲ. ಆದರೆ ಎಲ್ಲವನ್ನೂ ಗಮನಿಸುತ್ತಿದ್ದಳು. ಅವನು ನಿಂತಲ್ಲಿ ನಿಲ್ಲದೆ ಬೆರಳುಗಳಿಂದ ಮೇಜಿನ ಮೇಲೆ ಸ್ವರ ಒತ್ತುವುದು, ಮಾತಿನ ನಡುವೆ ಒಮ್ಮೊಮ್ಮೆ ಉಸಿರು ಹಿಡಿದು ನಿಲ್ಲುವುದು... ಎಲ್ಲವೂ ಅವಳಿಗೆ ಬಾಯಿಪಾಠವಾಗಿದ್ದವು.

ಆ ವರ್ಷ, ಎರಡು ಸಾವಿರದ ಮೂರರ ಚಳಿಗಾಲ, ಒಂದು ದಿನ ಅವನು ಓಡಿಕೊಂಡೇ ಬಂದ. ಕೈಯಲ್ಲಿ ಕಡುನೀಲಿ ಬಟ್ಟೆಯ ಗಂಟು.

"ಪುಷ್ಪಾರೀ! ನನಗೊಂದು ಕೋಟು ಬೇಕು. ಬ್ಯಾಂಡಿಂದಲ್ಲ... ಜಾಝ್‌ಗೆ!"

"ಜಾಝ್ ಅಂದ್ರ?"

"ಹಂಪಿ ನೋಡಾಕ ಬಂದ ಮಂದಿ ಹೊಸಪ್ಯಾಟ್ಯಾಗ ಇಳ್ಕೊಂತಾರಲ್ರಿ, ಸ್ಟೇಷನ್ ರೋಡಿನ ದೊಡ್ಡ ಹೋಟ್ಲು? ಅಲ್ಲಿ ಮಾಳಿಗಿ ಮ್ಯಾಲೆ ಶನಿವಾರಕ್ಕೊಮ್ಮಿ ಬೆಂಗಳೂರಿನ ಮೂರು ಮಂದಿ ಜಾಝ್ ಬಾರಸ್ತಾರ. ಒಂದು ಮದಿವ್ಯಾಗ ನಾನು ಊದಿದ್ದು ಕೇಳ್ಯಾರ. ಒಂದು ಸಂಜಿ ನಮ್ಮ ಸಂಗಾಟ ಊದು ಅಂದಾರ!"

"ಮೆರವಣಿಗ್ಯಾಗ ಊದ್ತೀರಲ್ಲ, ಅದಕ್ಕೂ ಇದಕ್ಕೂ ಏನ್ ಫರಕ್ಕು?"

ಅಷ್ಟುದ್ದ ಅವಳು ಮಾತಾಡಿದ್ದು ಅದೇ ಮೊದಲು. ಅವನು ಸ್ಟೂಲಿನ ಮೇಲೆ ಕುಳಿತೇಬಿಟ್ಟ.

"ಮೆರವಣಿಗ್ಯಾಗ ಮಂದಿ ಕೇಳಿದ ಹಾಡು, ಕೇಳಿದಂಗ ಬಾರಸಬೇಕು. ಜಾಝ್‌ನ್ಯಾಗ ಹಾಡು ಊರ ಅಗಸಿ ಬಾಗ್ಲತನ ಕರ್ಕೊಂಡು ಬಂದು ಕೈ ಬಿಡ್ತೈತಿ. ಅಲ್ಲಿಂದ ಮುಂದ ದಾರಿ ನಿಂದ! ಒಬ್ಬ ಒಂದು ಮಾತು ಊದಿದ್ರ ಇನ್ನೊಬ್ಬ ಅಲ್ಲೇ ಜವಾಬು ಕೊಡ್ತಾನ..."

'ಗುರುತು ಹಾಕದೆ ಬಟ್ಟೆ ಕತ್ತರಿಸಿದ ಹಾಗೆ' ಅಂದುಕೊಂಡಳು ಪುಷ್ಪಲತಾ. ಎಂಥ ಧೈರ್ಯ ಬೇಕು ಅದಕ್ಕೆ!

"ಅಳತಿ ಅಂಗಿ ತಂದೀಯೇನು?" ಅಂಜಿನಕ್ಕ ಕೇಳಿದಳು.

ಪುಷ್ಪಲತಾಳೇ ಉತ್ತರಿಸಿದಳು. "ಬ್ಯಾಡ ಸಣ್ಣವ್ವ. ಈ ಸಲ ಟೇಪು."

ಅಂಜಿನಕ್ಕ ಹುಬ್ಬೇರಿಸಿದಳು. ಪುಷ್ಪಲತಾ ಟೇಪನ್ನು ಮೇಜಿನ ತುದಿಗೆ ಇಟ್ಟು ಮೂರು ಹೆಜ್ಜೆ ಹಿಂದೆ ಸರಿದಳು.

"ನೀವ ಸುತ್ಕೋರಿ. ಉಸ್ರು ಪೂರಾ ಬಿಡ್ರಿ... ಎಷ್ಟೈತಿ?"

"ಮೂವತ್ತೇಳು."

"ಈಗ ಎಳ್ಕೋರಿ. ಮ್ಯಾಲಿನ ಸ್ವರ ಹಿಡಿಯೋವಾಗ ಎಳ್ಕೊಂತೀರಲ್ಲ, ಹಂಗ."

ಅವನು ಕಣ್ಣು ಮುಚ್ಚಿ ಉಸಿರೆಳೆದ. ಎದೆ ಉಬ್ಬಿತು, ಉಬ್ಬಿತು... ಟೇಪು ಅವನ ಬೆರಳಿನಿಂದ ಜಾರಿತು! ಅವಳು ಯೋಚಿಸದೆ ಮುನ್ನುಗ್ಗಿ ಅದರ ತುದಿ ಹಿಡಿದಳು. ಅವನ ಎದೆಯ ಬಡಿತ ಟೇಪಿನ ಮೂಲಕ ಅವಳ ಬೆರಳಿಗೆ ಬಂತು.

"ನಲವತ್ತು..." ಅಂದಳು.

ಅವನಿನ್ನೂ ಉಸಿರು ಬಿಟ್ಟಿರಲಿಲ್ಲ.

"ಬಿಡೋ ತಮ್ಮಾ, ಸತ್ತೀಯಾ!" ಎಂದಳು ಅಂಜಿನಕ್ಕ.

ಹೋಗುವಾಗ ಅವನು ಮೆಟ್ಟಿಲಿಳಿದು ಮತ್ತೆ ತಿರುಗಿದ. "ಬರೋ ಶನಿವಾರ, ಸಂಜಿ ಏಳಕ್ಕ. ನೀವಿಬ್ರೂ ಬರ್ಬೇಕು. ಮುಂದಿನ ಸಾಲಿನ್ಯಾಗ ಎರಡು ಕುರ್ಚಿ ಹಿಡಿದಿಡ್ತೀನಿ."

ಆ ವಾರವೆಲ್ಲ ಪುಷ್ಪಲತಾಳ ಯಂತ್ರ ಹಾಡಿತು!

*

ಶುಕ್ರವಾರ ಬೆನಕಪ್ಪ ಮಾಸ್ತರರು ಬಂದರು. ಬ್ಯಾಂಡಿನ ಟೋಪಿಗಳಿಗೆ ಗೊಂಡೆ ಹಾಕಿಸುವುದಿತ್ತು.

"ನಾಳೆ ಎರಡು ಮದಿವಿ ಅದಾವು, ನಮ್ಮ ಬಸವೇಶ ರಜಾ ಕೇಳ್ಯಾನ ನೋಡು ಅಂಜಿನಕ್ಕ. ಬ್ಯಾರೆ ಯಾತಕ್ಕ ಕೇಳಿದ್ರೂ ಬಿಡ್ತಿದ್ದಿಲ್ಲ. ಹೊಸಪ್ಯಾಟಿಗೆ ಹೆಣ್ಣು ನೋಡಾಕ ಹೊಂಟಾನ. ಶುಭಕಾರ್ಯ, ಹ್ಯಾಂಗ ಬ್ಯಾಡ ಅನ್ನಲಿ?"

ಸೂಜಿ ಪುಷ್ಪಲತಾಳ ಬೆರಳಿಗೆ ಚುಚ್ಚಿತು. ರಕ್ತ ಬಂದದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ಹೆಣ್ಣು ನೋಡಲು...! ಅದಕ್ಕೇ ಹೊಸ ಕೋಟು. ಅದಕ್ಕೇ ಅಷ್ಟು ಸಡಗರ. ಸಂಜೆ ಆ ಹುಡುಗಿ ಮುಂದಿನ ಸಾಲಿನಲ್ಲಿ ಕೂತಿರುತ್ತಾಳೆ. ಹೊಲಿದುಕೊಟ್ಟವಳು ಪಕ್ಕದ ಕುರ್ಚಿಯಲ್ಲಿ ಕೂತು ಚಪ್ಪಾಳೆ ತಟ್ಟಬೇಕು!

'ಏಳನೇ ಕ್ಲಾಸು ಓದಿದವಳು ನೀನು. ನಿನಗೇಕೆ ಇಷ್ಟು ಆಸೆ?'

ಕೋಟಿನ ಎದೆಯ ಹೊಲಿಗೆ ಇನ್ನೂ ಬಾಕಿಯಿತ್ತು. ಬೇಕೆಂದರೆ ಬಿಗಿ ಮಾಡಬಹುದಿತ್ತು. ಅವಳ ಕೈ ಒಂದು ಕ್ಷಣ ನಿಂತಿತು ಕೂಡ. ಆಮೇಲೆ ಕಣ್ಣೊರೆಸಿಕೊಂಡು ನಲವತ್ತರ ಮೇಲೆ ಇನ್ನೂ ಅರ್ಧ ಇಂಚು ಹೆಚ್ಚೇ ಬಿಟ್ಟು ಹೊಲಿದಳು. ಅವನು ಯಾರಿಗಾಗಿ ಊದಿದರೂ ಸರಿ, ಉಸಿರು ಕಟ್ಟಬಾರದು.

ಶನಿವಾರ ಮಧ್ಯಾಹ್ನ ಅವನು ಕೋಟು ಒಯ್ಯಲು ಬಂದ. ಅವಳು ಯಂತ್ರದಿಂದ ಮೇಲೇಳಲಿಲ್ಲ.

"ಬರ್ತೀರಲ್ರಿ?"

"ಕೆಲಸ ಐತ್ರಿ."

"ಪುಷ್ಪಾರೀ... ನಾನೇನರ ತಪ್ಪು ಮಾತಾಡಿದೆನಾ?"

ಯಂತ್ರ ಜೋರಾಗಿ ಓಡಿತು. ಬಿಳಿ ಬೂಟುಗಳು ಸ್ವಲ್ಪ ಹೊತ್ತು ನಿಂತು, ಮೆಲ್ಲಗೆ ಮೆಟ್ಟಿಲಿಳಿದವು.

*

ನಾಲ್ಕು ಗಂಟೆಗೆ ಅವಳು ಮೇಜು ಒರೆಸುತ್ತಿದ್ದಳು. ಗುಂಡುಸೂಜಿಗಳನ್ನು ಮೆತ್ತೆಗೆ ಚುಚ್ಚಿಡುವಾಗ ಅವಳ ಕೈ ನಿಂತಿತು. ಕೆಂಪು ತಲೆಯ ಗುಂಡುಸೂಜಿಗಳು ಹನ್ನೆರಡಿದ್ದವು. ಈಗ ಹನ್ನೊಂದು!

ನೆಲ ತಡವಿದಳು. ಚಿಂದಿ ಬಟ್ಟೆ ಕೊಡವಿದಳು. ಎಲ್ಲೂ ಇಲ್ಲ!

"ಸಣ್ಣವ್ವಾ! ಗುಂಡುಸೂಜಿ ಕೋಟಿನ್ಯಾಗ ಉಳದೈತಿ! ಎದಿ ಲೈನಿಂಗಿಗೆ ಚುಚ್ಚಿದ್ದು!"

"ಇದ್ರ ಇರ್ಲಿ ಬಿಡು, ತೆಗಕೊಂತಾನ."

"ಸುಮ್ನ ನಿಂತಾಗ ಗೊತ್ತಾಗಂಗಿಲ್ಲ! ಪೂರಾ ಉಸ್ರು ಎಳದಾಗ ನೆಟ್ಟಗ ಎದಿಗೆ ನಾಟ್ತೈತಿ!"

"ಹೋಟ್ಲಿಗೆ ಫೋನ್ ಹಚ್ಚು."

"ನಂಬರ್ ಯಾರಿಗೆ ಗೊತ್ತೈತಿ?"

ಪುಷ್ಪಲತಾ ಆಗಲೇ ಚಪ್ಪಲಿ ಮೆಟ್ಟಿದ್ದಳು. ಮೈಮೇಲೆ ಕೆಲಸದ ಚೂಡಿದಾರ, ವೇಲಿನ ತುಂಬ ದಾರದ ಚೂರು. ಸಂತೆಗೂ ಒಬ್ಬಳೇ ಹೋಗದ ಹುಡುಗಿ ಬಸ್‌ಸ್ಟ್ಯಾಂಡಿಗೆ ಓಡುತ್ತಿದ್ದಳು! ಹಿಂದಿನಿಂದ ಅಂಜಿನಕ್ಕ ಕೀಲಿ ಹಾಕಿ, ಸೆರಗು ಸಿಕ್ಕಿಸಿಕೊಂಡು, "ನಿಲ್ಲಲೇ ಹುಡುಗೀ!" ಎಂದು ಕೂಗುತ್ತ ಓಡಿದಳು.

ಬಸ್ಸು ಮರಿಯಮ್ಮನಹಳ್ಳಿ ದಾಟಿತು, ನಿಂತಿತು. ಮುಂದೆ ಕಣ್ಣು ಹರಿಯುವವರೆಗೆ ಅದಿರಿನ ಲಾರಿಗಳು. ಕೆಂಪು ಧೂಳಿನಲ್ಲಿ ಸೂರ್ಯ ಮುಳುಗಿದ.

ಐದೂವರೆ... ಆರು... ಆರೂವರೆ...

"ಅಲ್ಲಲೇ, ಇಷ್ಟು ಒದ್ದಾಟ ಒಂದು ಗುಂಡುಸೂಜಿಗಾ?" ಅಂಜಿನಕ್ಕ ಅವಳ ಮುಖ ನೋಡಿದಳು.

ಪುಷ್ಪಲತಾ ಕಿಟಕಿಯ ಆಚೆ ನೋಡಿದಳು. "ಹೂಂ" ಅಂದಳು. ಅದು ಸುಳ್ಳು ಎಂದು ಇಬ್ಬರಿಗೂ ಗೊತ್ತಿತ್ತು.

*

ಹೋಟೆಲಿನ ಮೆಟ್ಟಿಲು ಹತ್ತುವಾಗಲೇ ಸಂಗೀತ ಕೇಳಿಸಿತು. ಪಿಯಾನೊ ಮಳೆಯ ಹನಿಯಂತೆ ಉದುರುತ್ತಿತ್ತು. ಡ್ರಮ್ಮಿನವನು ಕುಂಚದಂಥದೇನನ್ನೋ ಹಿಡಿದು ಅಂಗಳ ಗುಡಿಸಿದಂತೆ ಬಾರಿಸುತ್ತಿದ್ದ. ದಪ್ಪ ತಂತಿಯ ವಾದ್ಯವೊಂದು ಅವಳ ಯಂತ್ರದ ತುಳಿತದ ಹಾಗೆ, ಧುಂ... ಧುಂ... ಎನ್ನುತ್ತಿತ್ತು.

ಮಾಳಿಗೆಯ ತುಂಬ ಬಣ್ಣದ ದೀಪ, ಕುರ್ಚಿಗಳಲ್ಲಿ ಪರದೇಶದವರು, ಊರಿನ ನಾಲ್ಕಾರು ಸಂಸಾರಗಳು. ಮುಂದಿನ ಸಾಲಿನಲ್ಲಿ ಎರಡು ಕುರ್ಚಿ ಖಾಲಿ.

ಖಾಲಿ!

ಬಸವೇಶ ಕಡುನೀಲಿ ಕೋಟಿನಲ್ಲಿ ನಿಂತಿದ್ದ. ಪಿಯಾನೊದವನು 'ಈಗ ನಿನ್ನ ಸರದಿ' ಎನ್ನುವಂತೆ ಅವನತ್ತ ತಲೆಯಾಡಿಸಿದ. ಬಸವೇಶ ಸ್ಯಾಕ್ಸೊಫೋನನ್ನು ತುಟಿಗಿಟ್ಟು ಕಣ್ಣು ಮುಚ್ಚಿದ.

ಪುಷ್ಪಲತಾಳಿಗೆ ಲೋಕವೇ ಮರೆತುಹೋಯಿತು.

"ಉಸ್ರು ಎಳೀಬ್ಯಾಡ್ರೀ!"

ಅವಳ ಗಂಟಲಿನಲ್ಲಿ ಅಂಥ ದನಿ ಇದೆಯೆಂದು ಅವಳಿಗೇ ಗೊತ್ತಿರಲಿಲ್ಲ! ಪಿಯಾನೊ ನಿಂತಿತು. ಇಡೀ ಮಾಳಿಗೆ ತಿರುಗಿ ನೋಡಿತು. ಅವಳು ಕುರ್ಚಿಗಳ ನಡುವೆ ನುಸುಳಿ ಅವನ ಮುಂದೆ ಬಂದು ನಿಂತಳು.

"ಕೋಟು ತೆಗೀರಿ! ಎದಿ ಹತ್ರ ಗುಂಡುಸೂಜಿ ಉಳದೈತಿ..."

ಅವನು ಮರುಮಾತಿಲ್ಲದೆ ಕೋಟು ಬಿಚ್ಚಿ ಕೊಟ್ಟ. ಡ್ರಮ್ಮಿನವನು ನಕ್ಕು ಮತ್ತೆ ಮೆಲ್ಲಗೆ ಗುಡಿಸತೊಡಗಿದ, ಪಿಯಾನೊದವನು ಜೊತೆಗೂಡಿದ. ಪುಷ್ಪಲತಾ, ಬಸವೇಶ ಇಬ್ಬರೂ ವೇದಿಕೆಯ ಮಗ್ಗುಲಿಗೆ ಸರಿದರು. ಅವಳು ಲೈನಿಂಗನ್ನು ಇಂಚಿಂಚೂ ತಡವಿದಳು. ಒಮ್ಮೆ, ಎರಡು ಸಲ, ಮೂರು ಸಲ.

ಸೂಜಿಯೇ ಇರಲಿಲ್ಲ.

"ಪುಷ್ಪಾರೀ," ಬಸವೇಶ ಮೆಲ್ಲಗೆ ಅಂದ. "ನಿಮ್ಮ ಹೆಗಲ ಮ್ಯಾಲೆ... ಕೆಂಪಗ ಏನೋ ಹೊಳೀತೈತಿ."

ಅವಳು ನೋಡಿಕೊಂಡಳು. ಎಡ ಹೆಗಲಿನ ವೇಲಿಗೆ ತಾನೇ ಚುಚ್ಚಿಕೊಂಡಿದ್ದ ಕೆಂಪು ತಲೆಯ ಗುಂಡುಸೂಜಿ!

ಭೂಮಿ ಬಾಯಿ ತೆರೆದಿದ್ದರೆ ಅವಳು ಆಗಲೇ ಇಳಿದುಹೋಗುತ್ತಿದ್ದಳು.

"ಹಂಗಾರ..." ಅವನ ತುಟಿಯಂಚಿನಲ್ಲಿ ನಗು. "ಸೂಜಿ ಸಲುವಾಗಿ ಬಂದಿಲ್ಲ ಅಂದಂಗಾತು."

"ನಾನು ಹೋಗ್ತೀನ್ರಿ. ನೀವು ನೋಡಿ ಬಂದ ಹೆಣ್ಣು... ತಪ್ಪು ತಿಳಕೊಂಡಾಳು."

"ಯಾವ ಹೆಣ್ಣು?"

"ಮಾಸ್ತರು ಹೇಳಿದ್ರು..." ಅವಳ ಕಣ್ಣು ತುಂಬಿದವು.

ಬಸವೇಶ ಹಣೆ ಚಚ್ಚಿಕೊಂಡ. "ಅಯ್ಯೋ ನನ ಶಿವನ! ಬ್ಯಾರೆ ಕಡಿ ಊದಾಕ ಹೋಗ್ತೀನಂದ್ರ ಮಾಸ್ತರು ರಜಾ ಕೊಡ್ತಾರೇನ್ರಿ? ಹೆಣ್ಣು ನೋಡಾಕ ಅಂತ ಸುಳ್ಳು ಹೇಳಿದ್ದೆ. ನಿಮ್ಮ ಕಿವಿಗೆ ಬೀಳ್ತೈತಿ ಅಂತ ಕನಸಿನ್ಯಾಗೂ ಅನ್ಕೊಂಡಿಲ್ಲ!" ಅವನು ಖಾಲಿ ಕುರ್ಚಿಗಳತ್ತ ಕೈ ತೋರಿಸಿದ. "ಏಳು ಗಂಟಿಯಿಂದ ಆ ಎರಡು ಕುರ್ಚಿ ನೋಡ್ಕೋತ ನಿಂತೀನಿ. ಬಂದ ಮಂದೀನ ಅಲ್ಲಿ ಕೂಡಾಕ ಬಿಟ್ಟಿಲ್ಲ."

ಪಿಯಾನೊ ಮತ್ತೆ ಅವನನ್ನು ಕರೆಯಿತು. ಅವನು ಮಾತ್ರ ಅಲುಗಲಿಲ್ಲ. ಅವಳ ಮಾತಿಗೆ ಕಾದು ನಿಂತಿದ್ದ.

ಪುಷ್ಪಲತಾ ಕೋಟು ಬಿಡಿಸಿ ಹಿಡಿದಳು. ಅವನು ತೋಳು ತೂರಿಸಿದ. ಅವಳೇ ಗುಂಡಿ ಹಾಕಿದಳು, ಒಂದೊಂದಾಗಿ.

"ಈಗ ಉಸ್ರು ಎಳ್ಕೋರಿ."

"ಎಷ್ಟು?"

"ನಿಮಗೆಷ್ಟು ಬೇಕೋ ಅಷ್ಟು. ನಾ ಜಾಗ ಬಿಟ್ಟೀನಿ."

ಅವಳೂ ಅಂಜಿನಕ್ಕನೂ ಆ ಎರಡು ಕುರ್ಚಿಗಳಲ್ಲಿ ಕುಳಿತರು. ಅವನು ಹೋಗಿ ಊದಿದ.

ಮೊದಲು ಎಲ್ಲರಿಗೂ ತಿಳಿಯುವಂಥ ಸರಳ ಹಾಡು. ಆಮೇಲೆ ಹಾಡು ಅಗಸಿಯಲ್ಲಿ ಅವನ ಕೈ ಬಿಟ್ಟಿತು, ಮತ್ತು ಅವನು ಹೊರಟ! ಪಿಯಾನೊ ಕೇಳಿತು, ಅವನು ಹೇಳಿದ. ಡ್ರಮ್ಮು ಛೇಡಿಸಿತು, ಅವನು ನಕ್ಕ. ಮದುವೆಯ ಮೆರವಣಿಗೆ, ಅದಿರು ಲಾರಿಯ ಹಾರ್ನು, ಹೊಲಿಗೆ ಯಂತ್ರದ ಟಕಟಕ... ಎಲ್ಲವೂ ಅದರೊಳಗೆ ಬಂದು ಹೋದವು. ಮೇಲಿನ ಸ್ವರ ಹಿಡಿದಾಗ ಪುಷ್ಪಲತಾ ಕುರ್ಚಿಯ ತೋಳು ಗಟ್ಟಿಯಾಗಿ ಹಿಡಿದಳು. ಕೋಟಿನ ಗುಂಡಿ ಅಲುಗಲಿಲ್ಲ!

"ಏನೂ ತಿಳೀವಲ್ದು," ಅಂಜಿನಕ್ಕ ಕಿವಿಯಲ್ಲಿ ಅಂದಳು, "ಆದ್ರ ಕಾಲು ತಾನ ಕುಣಿಯಾಕತ್ತೈತಿ ನೋಡಲೇ!"

ಚಪ್ಪಾಳೆ ಮುಗಿಯುವ ಮೊದಲೇ ಬಸವೇಶ ಅವಳ ಮುಂದಿದ್ದ. ಹಣೆಯ ತುಂಬ ಬೆವರು, ಕಣ್ಣಲ್ಲಿ ದೀಪ.

"ಪುಷ್ಪಾ... ನಾಳೆ ಮಾಸ್ತರು ಕೇಳೇ ಕೇಳ್ತಾರ. ಹೆಣ್ಣು ನೋಡಿ ಬಂದಿಯೇನು ಅಂತ."

"ಈ ಸಲ ಸುಳ್ಳು ಹೇಳಬ್ಯಾಡ್ರಿ."

"ನೋಡಿದೆ ಅಂತ ಹೇಳ್ತೀನಿ. ಹೆಣ್ಣು ಏನಂತು ಅಂದ್ರ?"

ಅವಳು ಹೆಗಲಿನ ಗುಂಡುಸೂಜಿ ತೆಗೆದು, ಅವನ ಕೋಟಿನ ಕಾಲರಿಗೆ, ಚುಚ್ಚದ ಹಾಗೆ ಜೋಪಾನವಾಗಿ ಸಿಕ್ಕಿಸಿದಳು. ಈ ಸಲ ತಲೆ ತಗ್ಗಿಸಲಿಲ್ಲ.

"ಒಪ್ಪೇತಂತ ಹೇಳ್ರಿ."