ಖಂಡೇಪೂಜೆಯ ದಿನ ಬಂದಾದ ಮಷಿನ್

ಪಾಠ ಮುಗಿದ ಕೂಡಲೇ ಬೀರದೇವ ಪರದೆಯ ಕೆಳಗಿನ ಗುಂಡಿ ಒತ್ತುತ್ತಿದ್ದ. ಕುರ್ಚಿಯನ್ನು ಮೇಜಿನೊಳಗೆ ಸರಿಸಿ, ಯಾರೂ ನೋಡದಂತೆ ಪರದೆಗೊಂದು ಸಣ್ಣ ನಮಸ್ಕಾರ ಹಾಕಿ ಹೊರಡುತ್ತಿದ್ದ. ಕಂಪ್ಯೂಟರ್ ಬಂದ್ ಮಾಡಿದೆನೆಂದು ಅವನ ನಂಬಿಕೆ. ಮೇಜಿನ ಕೆಳಗಿನ ಡಬ್ಬಿ ಮಾತ್ರ ಬೆಳಗಿನ ತನಕ ಗುಂಯ್‌ಗುಡುತ್ತಲೇ ಇರುತ್ತಿತ್ತು. ಬಿಸಿಯಾದ ಆ ಡಬ್ಬಿಯ ಮೇಲೆ ಕೈಯಿಟ್ಟು ನೋಡಿದ ಪ್ರಾಜಕ್ತಾ, ಇದು ಯಾರ ಕೆಲಸವೆಂದು ವಿಚಾರಿಸಿ, ಆ ಸಂಜೆ ಬಾಗಿಲಿಗೆ ಅಡ್ಡ ನಿಂತಳು.

“ದಿನಾ ಹಿಂಗ ಚಾಲೂ ಬಿಟ್ಟ ಹೋಗ್ತೀರಲ್ರಿ, ಸುಟ್ಟಗಿಟ್ಟ ಹೋದ್ರ?”

“ಬಂದ್ ಮಾಡೇನ್ರಿ ಮೇಡಮ್ಮಾರ. ನೋಡ್ರಿ, ಕತ್ತಲಾಗೈತಿ.”

“ಕತ್ತಲಾಗಿದ್ದು ಪರದೆ. ಒಳಗ ಅದು ಎಚ್ಚರ ಐತಿ.”

ಅವನು ಡಬ್ಬಿಯನ್ನು ನೋಡಿದ, ಅವಳ ಮುಖ ನೋಡಿದ, ಮತ್ತೆ ಡಬ್ಬಿಯನ್ನು ನೋಡಿದ.

“ಅಂದ್ರ ನಾ ಹೋದ ಮ್ಯಾಲೂ ಇದು ನನ್ನ ದಾರಿ ಕಾಯ್ಕೋತ ಕುಂತಿರತೈತಿ ಅನ್ರಿ.”

ಬಯ್ಯಲೆಂದು ಬಂದವಳಿಗೆ ನಗು ತಡೆಯಲಾಗಲಿಲ್ಲ. ನಗು ಕಾಣಿಸಬಾರದೆಂದು ದುಪಟ್ಟಾದ ತುದಿಯನ್ನು ಬಾಯಿಗೆ ಅಡ್ಡ ಹಿಡಿದಳು. ಅವನು ಆ ತುದಿಯನ್ನೇ ನೋಡುತ್ತ ನಿಂತ.

ಚಿಕ್ಕೋಡಿಯಲ್ಲಿ ಗೊಬ್ಬರದ ಅಂಗಡಿಯ ಮಾಳಿಗೆಯ ಮೇಲಿತ್ತು ಆ ಕಂಪ್ಯೂಟರ್ ಕ್ಲಾಸು. ನಡೆಸುವವನು ಅಣ್ಣಾಸಾಬ. ಕಲಿಸುವವಳು ಪ್ರಾಜಕ್ತಾ, ಕರೋಶಿಯ ಮಾಯಪ್ಪನ ಮಗಳು. ಮಾಯಪ್ಪ ಮಂದಿಯ ಹೊಲದಲ್ಲಿ ಕಬ್ಬು ಕಡಿದು ಮಗಳಿಗೆ ಡಿಪ್ಲೊಮಾ ಓದಿಸಿದ್ದ. ಬುದ್ಧವಿಹಾರದ ಬದಿಯ ದಲಿತರ ಓಣಿಯಿಂದ ಕೀಬೋರ್ಡಿನ ಮೇಲೆ ಕೈಯಿಟ್ಟು ಇನ್ನೊಬ್ಬರಿಗೆ ಪಾಠ ಹೇಳಿದವರಲ್ಲಿ ಅವಳೇ ಮೊದಲನೆಯವಳು. ಬೀರದೇವ ಮುಗಳಖೋಡದ ಕುರಿಗಾರರ ಹಟ್ಟಿಯವನು. ಊರಿನ ಹಾಲಿನ ಡೇರಿಯಲ್ಲಿ ಕಂಪ್ಯೂಟರ್ ಮೇಲೆ ಕೂಡ್ರುವ ಕೆಲಸವಿತ್ತು, ಅದಕ್ಕೆ ಸರ್ಟಿಫಿಕೇಟ್ ಬೇಕಿತ್ತು. ಹಿಂಡನ್ನು ಅಣ್ಣನಿಗೆ ಒಪ್ಪಿಸಿ ಅವನು ದಿನಾ ಬಸ್ಸು ಹತ್ತಿ ಬರುತ್ತಿದ್ದ.

ಅವನಿಗೆ ಆಪರೇಟಿಂಗ್ ಸಿಸ್ಟಮ್ ಅಂದರೇನು ಅಂತ ತಿಳಿಸುವುದು ಅವಳಿಗೆ ಮೊದಮೊದಲು ದೊಡ್ಡ ತಲೆನೋವಾಯಿತು. ಡಬ್ಬಿ, ಪರದೆ, ಕೀಬೋರ್ಡು, ಇವೆಲ್ಲ ಬರೀ ಸಾಮಾನು ಎಂದಳು. ಕರೆಂಟು ಬಂದ ಕೂಡಲೇ ಒಳಗೆ ಮೊದಲು ಏಳುವುದು ಸಿಸ್ಟಮ್ಮು. ಅದು ಎದ್ದ ಮೇಲೆಯೇ ಉಳಿದ ಪ್ರೋಗ್ರಾಮುಗಳು ಏಳುತ್ತವೆ. ಟೈಪು ಮಾಡುವ ಪ್ರೋಗ್ರಾಮು, ಹಾಡು ಕೇಳಿಸುವ ಪ್ರೋಗ್ರಾಮು, ಎಲ್ಲಕ್ಕೂ ಇರುವ ಮಿದುಳು ಒಂದೇ. ಆ ಮಿದುಳನ್ನು ಸಿಸ್ಟಮ್ಮು ಎಲ್ಲರಿಗೂ ಸರದಿಯ ಮೇಲೆ ಕೊಡುತ್ತದೆ, ಎಷ್ಟು ಬೇಗ ಅಂದರೆ ಪ್ರತಿಯೊಂದಕ್ಕೂ ತಾನೊಂದೇ ಇದ್ದೇನೆಂದು ಅನ್ನಿಸುವಷ್ಟು. ನೆನಪಿನಲ್ಲಿ ಒಂದೊಂದಕ್ಕೆ ಒಂದೊಂದು ಜಾಗ ಕೊಡುತ್ತದೆ, ಒಂದರ ಜಾಗಕ್ಕೆ ಇನ್ನೊಂದು ನುಗ್ಗದಂತೆ ಕಾಯುತ್ತದೆ. ಯಾವ ಫೈಲನ್ನು ಯಾರು ತೆಗೆಯಬಹುದೆಂದು ಗೊತ್ತಿರುವುದೂ ಅದಕ್ಕೇ.

ಬೀರದೇವ ಗಲ್ಲಕ್ಕೆ ಕೈಕೊಟ್ಟು ಕೇಳಿ, ಹಾಗಾದರೆ ಅದು ತಮ್ಮ ಹಟ್ಟಿಯ ಹಿರಿಯ ಇದ್ದಂತೆ ಎಂದ. ಯಾವ ಹಿಂಡು ರಾತ್ರಿ ಯಾರ ಹೊಲದಲ್ಲಿ ತಂಗಬೇಕು, ಹೊಂಡದಲ್ಲಿ ಯಾರ ಕುರಿ ಮೊದಲು ನೀರು ಕುಡಿಯಬೇಕು ಅಂತ ಹೇಳುವವನು ಅವನೇ.

“ನಿಮ್ಮ ಹಿರಿಯಾ ಯಾರ ಮಗಾ ಅಂತ ಕೇಳಿ ನೀರ ಕೊಡ್ತಾನ,” ಎಂದಳು ಪ್ರಾಜಕ್ತಾ. “ಇದು ಕೇಳಂಗಿಲ್ಲ.”

ಅವನ ನಗು ಅಲ್ಲಿಗೇ ನಿಂತಿತು. ಆಮೇಲೆ ಮೆಲ್ಲಗೆ, ದೊಡ್ಡ ಹೊಲದ ಗೌಡರು ತಮ್ಮಂಥ ಕುರಿಗಾರರಿಗೂ ಕಟ್ಟೆಯ ಕೆಳಗೇ ಕೂಡ್ರಿಸಿ ಚಹಾ ಕೊಡುತ್ತಾರೆ ಎಂದ. ಅವನ ಕಣ್ಣಲ್ಲಿ ಅವಮಾನ ಕಂಡಾಗ ಪ್ರಾಜಕ್ತಾಳಿಗೆ ಅವನು ತನ್ನವನು ಅನ್ನಿಸಿತು. ಅವಮಾನ ಉಂಡವನು ಇನ್ನೊಬ್ಬರಿಗೆ ಅದನ್ನು ಬಡಿಸುವುದಿಲ್ಲ ಅಂದುಕೊಂಡಳು. ಎಷ್ಟು ಹೆಣ್ಣುಮಕ್ಕಳು ಹೀಗೆ ಅಂದುಕೊಂಡು ಕೆಟ್ಟಿದ್ದಾರೋ.

ದಿನಗಳು ಹಗುರಾಗಿ ಹೋದವು. ಮೌಸನ್ನು ಎರಡು ಸಲ ಬೇಗ ಬೇಗ ಒತ್ತಬೇಕೆಂದರೆ ಅವನು ಒಂದು ಸಲ ಒತ್ತಿ, ಅವಳ ಮುಖ ನೋಡಿ, ಇನ್ನೊಂದು ಸಲ ಒತ್ತುವನು. ನಡುವೆ ಅಷ್ಟು ಹೊತ್ತು ಬಿಟ್ಟರೆ ಫೈಲು ತೆರೆಯುವುದಿಲ್ಲ ಎಂದು ಅವಳು ರೇಗಿದರೆ, ನಡುವೆ ನೋಡುವುದು ಬಹಳ ಇದೆ ಎನ್ನುವನು. ಕೋಲು ಹಿಡಿದು ಒರಟಾದ ಅವನ ಬೆರಳಿನ ಮೇಲೆ ಬೆರಳಿಟ್ಟು ಅವಳೇ ಒತ್ತಿಸಿದಳು. ಫೈಲು ತೆರೆಯಿತು. ಬೆರಳು ತೆಗೆಯಲು ಇಬ್ಬರಿಗೂ ನೆನಪಾಗಲಿಲ್ಲ.

ಒಂದು ಮಧ್ಯಾಹ್ನ ಅವನು ಮನೆಯಿಂದ ಗಿಣ್ಣ ತಂದ. ಅವಳ ಬುತ್ತಿಯ ಡಬ್ಬಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಲೆ. ಕೇಳದೆಯೇ ಅವಳ ಡಬ್ಬಿಗೆ ಕೈಹಾಕಿ ರೊಟ್ಟಿ ಮುರಿದುಕೊಂಡು ತಿಂದ, ಖಾರಕ್ಕೆ ಮೂಗು ಏರಿಸುತ್ತ. ಅವನ ಪಾಲಿಗೆ ಅದು ರೊಟ್ಟಿ. ಅವಳ ಪಾಲಿಗೆ ಅದು ಮಾತು ಕೊಟ್ಟಂತೆ.

ಮದುವೆಯ ಮಾತನ್ನು ಮೊದಲು ತೆಗೆದವನು ಅವನೇ. ಕರೆಂಟು ಹೋಗಿ ಎಲ್ಲ ಪರದೆಗಳೂ ಕಪ್ಪಾಗಿದ್ದ ಸಂಜೆ, ಇಲ್ಲೇ ಚಿಕ್ಕೋಡಿಯಲ್ಲಿ ರಜಿಸ್ಟರ್ ಆಫೀಸಿದೆ, ಇಬ್ಬರು ಸಾಕ್ಷಿಗಳನ್ನು ತರುತ್ತೇನೆ ಎಂದ. ಅವಳಿಗೆ ಆಸೆಯಾಯಿತು, ಆದರೂ ಬೇಡವೆಂದು ತಲೆಯಾಡಿಸಿದಳು.

“ಕದ್ದ ಹೋಗೋದು ನಂಗ ಬ್ಯಾಡ. ನಿಮ್ಮ ಮಂದಿ ಮುಂದ ನನ್ನ ಹೆಸರು ನಿನ್ನ ಬಾಯಿಲೇ ಬರಬೇಕು. ಒಂದ ಸಲ ಬಂದ್ರ ಸಾಕು. ಆಮ್ಯಾಲ ಅವರು ಏನರೆ ಅನ್ನಲಿ.”

“ಖಂಡೇಪೂಜಿಗೆ ಅವ್ವ ಇಲ್ಲಿಗೇ ಬರತಾಳ. ಆವತ್ತ ಹೇಳ್ತೀನಿ, ನೋಡು ಬೇಕಾರ.”

ಖಂಡೇಪೂಜೆಯ ದಿನ ಬಂತು. ನೇಗಿಲು, ಕುಡುಗೋಲು, ಟ್ರ್ಯಾಕ್ಟರಿನಂತೆ ಕಂಪ್ಯೂಟರುಗಳಿಗೂ ಅಂದು ಪೂಜೆ. ಪೂಜೆಯಾದ ಹತ್ಯಾರವನ್ನು ಆ ದಿನ ಮುಟ್ಟುವಂತಿಲ್ಲ, ಅದಕ್ಕೆ ವಿಶ್ರಾಂತಿ. ಆದರೆ ಕ್ಲಾಸಿನ ದೊಡ್ಡ ಮಷಿನ್ನಿನಲ್ಲಿ ಎಲ್ಲರ ಪರೀಕ್ಷೆಯ ಫೈಲುಗಳಿದ್ದವು, ಮರುದಿನವೇ ಅವನ್ನು ಕಳಿಸಬೇಕಿತ್ತು, ಹಳೆಯ ಸಿಸ್ಟಮ್ಮಿನಿಂದ ಅವು ಹೋಗುತ್ತಿರಲಿಲ್ಲ. ಅಣ್ಣಾಸಾಬನಿಗೆ ಹೇಳಿಯೇ ಪ್ರಾಜಕ್ತಾ ಬೆಳಿಗ್ಗೆ ಅದರ ಸಿಸ್ಟಮ್ಮನ್ನು ಅಪ್‌ಡೇಟ್‌ಗೆ ಹಚ್ಚಿದ್ದಳು. ಪರದೆಯ ಮೇಲೆ ಚುಕ್ಕೆಗಳ ಉಂಗುರ ಸುತ್ತುತ್ತಿತ್ತು, ಕೆಳಗೆ ಇಂಗ್ಲಿಷಿನಲ್ಲಿ ಬಂದ್ ಮಾಡಬೇಡಿ ಅಂತ ಬರೆದಿತ್ತು. ಅದರರ್ಥವನ್ನು ಅವಳು ಬೀರದೇವನಿಗೆ ಎಂದೋ ಕಲಿಸಿದ್ದಳು. ಸಿಸ್ಟಮ್ಮು ತನ್ನನ್ನು ತಾನೇ ಬದಲಿಸಿಕೊಳ್ಳುವ ಹೊತ್ತದು. ಆಗ ಕರೆಂಟು ತೆಗೆದರೆ ಹಳೆಯದೂ ಉಳಿಯುವುದಿಲ್ಲ, ಹೊಸದೂ ಬರುವುದಿಲ್ಲ.

ಅಣ್ಣಾಸಾಬ ಕಾಯಿ ಒಡೆದ. ಬೀರದೇವನ ತಾಯಿ ಸತ್ತೆವ್ವ ಊರಿನಿಂದ ತಂದ ದೇವರ ಭಂಡಾರವನ್ನು ಒಂದೊಂದೇ ಮಷಿನ್ನಿಗೆ ಹಚ್ಚುತ್ತ ಬಂದಳು. ಆ ಅರಿಶಿನದ ಪುಡಿಯಿಂದ ಕೋಣೆಯೆಲ್ಲ ಹಳದಿಯಾಯಿತು. ಮಗನಿಗೆ ಕಲಿಸಿದ ಟೀಚರ್ ಇವಳೇ ಎಂದು ತಿಳಿದಾಗ ಮುದುಕಿಯ ಮುಖ ಅರಳಿತು. ಪ್ರಾಜಕ್ತಾಳ ಗಲ್ಲ ಸವರಿ, ಹಣೆಗೆ ಹಚ್ಚಲು ಭಂಡಾರ ಎತ್ತಿಕೊಂಡು, ಯಾರ ಮಗಳವ್ವಾ ಎಂದು ಕೇಳಿದಳು. ಪ್ರಾಜಕ್ತಾ ಇದ್ದದ್ದನ್ನು ಇದ್ದಂತೆ ಹೇಳಿದಳು: ಕರೋಶಿಯ ಮಾಯಪ್ಪನ ಮಗಳು, ಬುದ್ಧವಿಹಾರದ ಬದಿಗೆ ಮನೆ.

ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಭಂಡಾರದ ಚಿಟಿಕೆ ಚೀಲಕ್ಕೆ ಮರಳಿತು. ಮುದುಕಿ ಒಂದು ಕೆಟ್ಟ ಮಾತೂ ಆಡಲಿಲ್ಲ. ಜಾತಿ ಬೈದುಕೊಂಡು ಬರುವುದು ಕೋರ್ಟಿನ ಕಾಗದದಲ್ಲಿ. ಮನೆಗಳಲ್ಲಿ ಅದು ಗಲ್ಲ ಸವರಿದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುವಷ್ಟೇ ಮೆಲ್ಲಗೆ ಬರುತ್ತದೆ.

ಪ್ರಾಜಕ್ತಾ ಬೀರದೇವನತ್ತ ನೋಡಿದಳು. ಈಗ, ಅಂದವು ಅವಳ ಕಣ್ಣು. ಅವನು ಊದಿನಕಡ್ಡಿ ಹಚ್ಚುತ್ತಿದ್ದ. ಕಡ್ಡಿ ಎಂದೋ ಹೊತ್ತಿತ್ತು, ಅವನಿನ್ನೂ ಹಚ್ಚುತ್ತಲೇ ಇದ್ದ.

ದೊಡ್ಡ ಮಷಿನ್ನಿನ ಕಿಂಡಿಗಳ ಮೇಲೆ ಭಂಡಾರ ದಪ್ಪಗೆ ಕೂತಿತ್ತು. ಒಳಗೆ ಹೋದರೆ ಫ್ಯಾನು ಕೆಡುತ್ತದೆಂದು ಪ್ರಾಜಕ್ತಾ ದುಪಟ್ಟಾದಿಂದ ಅದನ್ನು ಒರೆಸಿದಳು. ಕೈತೊಳೆಯಲು ಹೊರಗೆ ಹೋಗಿ ತಿರುಗಿ ಬಂದಾಗ ಬಾಗಿಲಲ್ಲೇ ಅವಳ ಕಾಲು ನಿಂತವು.

ಒಳಗಿದ್ದವರು ತಾಯಿ, ಮಗ ಇಬ್ಬರೇ. ಸತ್ತೆವ್ವ ನೀರಿನ ಚರಿಗೆ ಹಿಡಿದು ಆ ಮಷಿನ್ನಿನ ಮುಂದೆ ನಿಂತಿದ್ದಳು. ಪೂಜೆಯಾದದ್ದನ್ನು ಆ ಹುಡುಗಿ ಮುಟ್ಟಿದ್ದಾಳೆ, ನೀರು ಚಿಮುಕಿಸಿ ಮಡಿ ಮಾಡಬೇಕು ಎನ್ನುತ್ತಿದ್ದಳು. ಕರೆಂಟು ಇದೆ, ಹೊಡೆಯುತ್ತದೆ ಎಂದು ಬೀರದೇವ ಗೋಗರೆಯುತ್ತಿದ್ದ. ಮುದುಕಿ ಚರಿಗೆಯಲ್ಲಿ ಬೆರಳು ಅದ್ದಿದಳು.

ಬೀರದೇವ ಪರದೆಯತ್ತ ನೋಡಿದ. ಅಲ್ಲಿ ಉಂಗುರ ಸುತ್ತುತ್ತಿತ್ತು. ಓದಿದ, ಓದಿದನೆಂಬುದು ಅವನ ತುಟಿಯಲ್ಲಿ ಪ್ರಾಜಕ್ತಾಳಿಗೆ ಕಂಡಿತು. ಆಮೇಲೆ ಗೋಡೆಗೆ ಕೈಚಾಚಿ ದೊಡ್ಡ ಸ್ವಿಚ್ಚನ್ನು ಕೆಳಗೆ ಎಳೆದ.

ಫ್ಯಾನಿನ ಸದ್ದು ನಿಂತಿತು. ಬಂದಾದ ಮಷಿನ್ನಿನ ಮೇಲೆ ನಾಲ್ಕು ಹನಿ ಬಿದ್ದವು. ತಾಯಿಗೆ ಏನೂ ಆಗಲಿಲ್ಲ.

ಮರುದಿನ ಪರದೆಯ ಮೇಲೆ ಒಂದೇ ಬಿಳಿ ಸಾಲು ಬಂತು, ಸಿಸ್ಟಮ್ ಸಿಗುತ್ತಿಲ್ಲ ಅಂತ. ವಿದ್ಯಾರ್ಥಿಗಳು ಗುಂಪಾದರು. ಪೂಜೆಯ ದಿನ ಮಷಿನ್ ಚಾಲೂ ಇಟ್ಟದ್ದಕ್ಕೇ ಹೀಗಾಯಿತೆಂದು ಒಬ್ಬ ಅಂದ, ಯಾರ ಕೈ ಮುಟ್ಟಿತ್ತು ಅಂತ ಕೇಳಬಾರದೇ ಎಂದು ಹಿಂದಿನಿಂದ ಇನ್ನೊಂದು ದನಿ. ತನಗೆ ಹೇಳಿಯೇ ಅಪ್‌ಡೇಟ್ ಹಚ್ಚಿದ್ದೆಂಬುದು ಅಣ್ಣಾಸಾಬನಿಗೆ ಮರೆತೇ ಹೋಯಿತು. ಮಂದಿಯ ಮುಂದೆ ಅವಳನ್ನು ನಿಲ್ಲಿಸಿ, ಏನು ಮಾಡಿದಿ ಹೇಳು ಎಂದ.

ಪ್ರಾಜಕ್ತಾಳಿಗೆ ಉತ್ತರ ಗೊತ್ತಿತ್ತು. ಹೇಳಲಿಲ್ಲ. ತಾನು ಹೇಳಿದರೆ ಅದು ದೂರು ಆಗುತ್ತದೆ; ಅವನು ಹೇಳಿದರೆ ಮಾತ್ರ ಅದು ಮದುವೆಯಾಗುತ್ತದೆ. ಬೀರದೇವ ಕಿಟಕಿಯ ಹತ್ತಿರ ನಿಂತಿದ್ದ. ಒಮ್ಮೆ ಇತ್ತ ತಿರುಗಿದ. ಈಗ ಬಾಯಿ ತೆರೆಯುತ್ತಾನೆ ಅಂದುಕೊಂಡಳು. ಅವನು ಕೆಳಗೆ ರಸ್ತೆಯಲ್ಲಿ ಹೋಗುತ್ತಿದ್ದ ಖಾಲಿ ಟ್ರ್ಯಾಲಿಯನ್ನು, ಅದು ತಿರುವಿನಲ್ಲಿ ಮರೆಯಾಗುವ ತನಕ ನೋಡಿದ.

ಮಷಿನ್ ರಿಪೇರಿ ಮಾಡಿಕೊಟ್ಟು ನಾಳೆಯಿಂದ ಬರಬೇಡ ಎಂದ ಅಣ್ಣಾಸಾಬ.

ಎಲ್ಲರೂ ಹೋದ ಮೇಲೆ ಅವಳು ಕೆಲಸಕ್ಕೆ ಕೂತಳು. ಸಾಮಾನಿಗೆ ಏನೂ ಆಗಿರಲಿಲ್ಲ. ಒಳಗೆ ನಡೆಸುವವನು ಮಾತ್ರ ಸತ್ತಿದ್ದ. ವಿದ್ಯಾರ್ಥಿಗಳ ಫೈಲುಗಳನ್ನು ಒಂದೊಂದಾಗಿ ಬದಿಗೆ ತೆಗೆದಿಟ್ಟು, ಪೆನ್‌ಡ್ರೈವಿನಿಂದ ಹೊಸ ಸಿಸ್ಟಮ್ಮನ್ನು ಹಾಕಲು ಹಚ್ಚಿದಳು. ಹಿಂದಿನಿಂದ ದನಿ ಹಾಕಿದವನ ಫೈಲನ್ನೂ ಉಳಿಸಿದಳು. ಆಗ ಬೀರದೇವ ಬಂದ. ಕಣ್ಣು ಕೆಂಪಾಗಿದ್ದವು.

“ನಾ ಏನ ಮಾಡಬೇಕಿತ್ತು ಹೇಳು. ಅವ್ವ ನೀರ ಹಾಕಾಕತ್ತಿದ್ಲು. ಶಾಕ್ ಹೊಡದಿದ್ರ?”

“ಅವ್ವನ ಕೈ ಹಿಡೀಬೇಕಿತ್ತು, ಬೀರೂ. ನೀ ಸ್ವಿಚ್ ಹಿಡದಿ.”

ಅವನು ಎದುರಿನ ಕುರ್ಚಿಯಲ್ಲಿ ಕುಸಿದ. ಅವಳಿಲ್ಲದೆ ಬದುಕಲಾರೆ ಎಂದ. ಆ ಮಾತು ಸುಳ್ಳಲ್ಲವೆಂದು ಅವಳಿಗೆ ಗೊತ್ತಿತ್ತು, ಅದೇ ಅವಳನ್ನು ಕೊಂದದ್ದು. ಇವತ್ತೇ ಮನೆಗೆ ಹೋಗಿ ಎಲ್ಲ ಹೇಳುತ್ತೇನೆ ಎಂದು ಅವನು ಆಣೆ ಹಾಕಿದ.

“ಎಲ್ಲಾ ಬ್ಯಾಡ. ಮದವಿ ಮಾತೂ ಬ್ಯಾಡ. ಈಗ ಫೋನ್ ಹಚ್ಚು. ಸ್ವಿಚ್ ನಾ ಎಳದೇನಿ, ನೀ ನೀರ ಹಾಕಾಕ ಬಂದಿದ್ದು ತಪ್ಪು. ಇಷ್ಟ ಅನ್ನು ಅವ್ವಗ.”

ಅವನು ಫೋನು ಹಚ್ಚಿ ಸ್ಪೀಕರಿಗೆ ಹಾಕಿದ. ಪ್ರಾಜಕ್ತಾ ಅವನ ಕೈಯ ಕೆಳಗೆ ತನ್ನ ಕೈಯಿಟ್ಟು ಫೋನು ಬೀಳದಂತೆ ಹಿಡಿದಳು. ಅತ್ತ ಕುರಿಗಳ ಕೂಗು, ಅದರೊಳಗಿಂದ ಸತ್ತೆವ್ವನ ಅಕ್ಕರೆಯ ದನಿ.

“ಬೀರೂ, ಎಲ್ಲಿದ್ದೀಪಾ? ದನಿ ಯಾಕ ಬರವಲ್ದು?”

“ಅವ್ವಾ...”

ಅವಳು ಅವನ ಬೆರಳುಗಳನ್ನು ಒತ್ತಿದಳು.

“ಅವ್ವಾ, ಊಟಾ ಮಾಡಿದೇನು?”

ಮಾಡಿದೆ ಎಂದಳು ಮುದುಕಿ. ಸಣ್ಣ ಮರಿ ಕುಂಟುತ್ತಿದೆ, ಬರುವಾಗ ಔಷಧ ತಾ ಎಂದಳು. ಅವನು ಹೂಂ ಅಂದ. ಮತ್ತೊಮ್ಮೆ ಹೂಂ ಅಂದ. ಆ ಕಡೆಯಿಂದ ಫೋನು ಇಟ್ಟ ಮೇಲೂ ಹೂಂ ಅಂದ.

ಪ್ರಾಜಕ್ತಾ ಮೆಲ್ಲಗೆ ಕೈ ತೆಗೆದುಕೊಂಡಳು. ಅವನ ಹಣೆಯ ಬೆವರನ್ನು ದುಪಟ್ಟಾದ ತುದಿಯಿಂದ ಒರೆಸಿದಳು, ಕೂಸಿಗೆ ಒರೆಸಿದಂತೆ. ಸಿಸ್ಟಮ್ಮು ಕೂಡ್ರಲು ಇನ್ನೂ ಸ್ವಲ್ಪ ಹೊತ್ತಿದೆ, ಯಾರೂ ಏನೂ ಮುಟ್ಟದಂತೆ ನೋಡಿಕೋ, ನಿನ್ನ ಪರೀಕ್ಷೆಯ ಫೈಲು ಅಲ್ಲೇ ಇದೆ ಎಂದು ಹೇಳಿ ಚೀಲ ಹೆಗಲಿಗೇರಿಸಿದಳು. ಅವನು ಅವಳ ಹೆಸರು ಹಿಡಿದು ಕರೆದ. ಆ ಹೆಸರು ಅವನ ಬಾಯಲ್ಲಿ ಎಷ್ಟು ಚಂದ ಕೇಳಿಸುತ್ತಿತ್ತು, ಅಲ್ಲಿ ಬೇರೆ ಯಾರೂ ಇರಲಿಲ್ಲವಾದ್ದರಿಂದ.

ಅವಳು ಮೆಟ್ಟಿಲು ಇಳಿಯುತ್ತಿದ್ದಾಗ ಮೇಲಿನಿಂದ ದನಿ ಬಂತು. ಸ್ಪಷ್ಟವಾಗಿ, ಗಟ್ಟಿಯಾಗಿ, ಒಂದು ತೊದಲೂ ಇಲ್ಲದೆ.

“ನಾನ ಎಳದೇನಿ ಸ್ವಿಚ್. ತಪ್ಪ ನಮ್ಮದು. ಅಕಿ ನನ್ನಾಕಿ.”

ಮೆಟ್ಟಿಲಿನ ಕಟಕಟೆ ಹಿಡಿದು ನಿಂತಳು ಪ್ರಾಜಕ್ತಾ. ಕಾಲು ತಾವಾಗಿ ಮೇಲಕ್ಕೆ ತಿರುಗಿದವು. ಅವನು ಅದನ್ನೇ ಇನ್ನೊಮ್ಮೆ ಹೇಳಿದ, ಇನ್ನೂ ಜೋರಾಗಿ. ಖಾಲಿ ಕೋಣೆಗೆ ಹೇಳುತ್ತಿದ್ದ, ಸಾಲುಸಾಲು ಕುರ್ಚಿಗಳಿಗೆ, ಗೋಡೆಗೆ.

ಅವನ ಮಾತು ಮುಗಿಯುವ ತನಕ ಕೇಳಿ, ಅವಳು ಉಳಿದ ಮೆಟ್ಟಿಲುಗಳನ್ನು ಇಳಿದಳು.