ಮೆಟ್ಟಿಲ ಕೆಳಗಿನ ಹಲಗೆ

ಧಂ... ಧಂ...

ಮೌನೇಶ್ವರಿ ಬೆಚ್ಚಿ ಕಣ್ಣು ತೆರೆದಳು.

ರಾಯಚೂರಿನ ಆ ಬಾಡಿಗೆ ಮಹಡಿಯಲ್ಲಿ ಮಾರ್ಮನ್ ಎಂಬ ಕ್ರೈಸ್ತ ಪಂಗಡದ ಭಾನುವಾರದ ಆರಾಧನೆ ನಡೆದಿತ್ತು. ಬ್ರೆಡ್ಡಿನ ಚೂರೂ ನೀರಿನ ಪುಟ್ಟ ಲೋಟಗಳೂ ತಟ್ಟೆಯಲ್ಲಿ ಕೈಯಿಂದ ಕೈಗೆ ಸಾಗುವ ಹೊತ್ತು. ಆಗ ಹಾಡಿಲ್ಲ, ಕೀಬೋರ್ಡಿಲ್ಲ, ಪಿಸುಮಾತೂ ಇಲ್ಲ. ಗೋಡೆಯ ಮೇಲೆ ಶಿಲುಬೆಯಿಲ್ಲ, ಪಟವಿಲ್ಲ. ಯೇಸುವಿನ ಚಿತ್ರಗಳೆಲ್ಲ ಹೊರಗಿನ ಪಡಸಾಲೆಯಲ್ಲಿ.

ಅಂಥ ಮೌನದ ಅಡಿಯಿಂದ ಆ ಸದ್ದು ಮತ್ತೆ ಎದ್ದು ಬಂತು.

ಧಂ... ಧಂ... ಸ್ವಲ್ಪ ಬಿಡುವು. ಆಮೇಲೆ ಒಂದೇ ಒಂದು... ಧಂ!

ಅಪ್ಪನ ಬಡಿತ! ಲೋಕದಲ್ಲಿ ಬೇರೆ ಯಾರೂ ಹೀಗೆ ಬಿಡುವು ಕೊಟ್ಟು ಚರ್ಮದ ಹಲಗೆ ಬಾರಿಸುತ್ತಿರಲಿಲ್ಲ.

ಆದರೆ ಅಪ್ಪ ಸತ್ತು ವರ್ಷವಾಗಿತ್ತು...

ಸುತ್ತ ನೋಡಿದಳು. ಯಾರೂ ತಲೆ ಎತ್ತಿರಲಿಲ್ಲ. ಮುಂದಿನ ಸಾಲಿನ ಮುದುಕಿ ಬಸ್ಸಮ್ಮನ ಕೈಯ ಲೋಟ ಮಾತ್ರ ಸಣ್ಣಗೆ ನಡುಗುತ್ತಿತ್ತು.

ಕೊನೆಯ ಸ್ತುತಿಗೀತೆಗೆ ಎದುರು ನಿಂತು ಕೈಯಾಡಿಸಿ ತಾಳ ತೋರಿಸುವುದು ಮೌನೇಶ್ವರಿಯ ಕೆಲಸ. ಅಂದು ಆ ಕೈ ಹೇಗೆ ಆಡಿತೋ ಅವಳಿಗೇ ತಿಳಿಯದು. ಹಾಡು ಮುಗಿದದ್ದೇ ತಡ, ದಡದಡನೆ ಮೆಟ್ಟಿಲಿಳಿದಳು.

ಕೆಳಗೆ, ದೊಡ್ಡ ಹಾಲ್‌ನ ಬಾಗಿಲಲ್ಲಿ, ಒಬ್ಬ ಯುವಕ ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಕೂತಿದ್ದ. ಒಪ್ಪವಾಗಿ ಇಸ್ತ್ರಿ ಮಾಡಿದ ಅಂಗಿ, ಬೆರಳ ತುದಿಗೆ ನೀಲಿ ಬಣ್ಣದ ಕಲೆ.

"ಬಾರಿಸಿದ್ದು ನೀವೇ ಏನ್ರಿ?"

ಅವನು ತಲೆ ಎತ್ತಿದ. ಆ ಕಣ್ಣುಗಳಲ್ಲಿ ನಗುವೂ ಇತ್ತು, ಹಠವೂ ಇತ್ತು. ಅವಳ ಎದೆ ಯಾಕೋ ಒಮ್ಮೆ ಎಡವಿತು.

"ನಾ ಈಗರ ಬಂದೀನ್ರೀ. ಉರಿಗಿ ಹಿಡಿದು ಕಾಸದ ಹಲಗಿ ನುಡಿತದೇನು? ತಣ್ಣಗ ಅದ. ಬೇಕಾದ್ರ ಮುಟ್ಟಿ ನೋಡ್ರಿ."

ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

"ನಾ ಅದನ್ನ ಮುಟ್ಟಂಗಿಲ್ಲ!"

ಅವನ ಮುಖದ ನಗು ಆರಿತು.

"ಓಹೋ... ಮುಟ್ಟಂಗಿಲ್ಲ. ತಿಳೀತು ಬಿಡ್ರಿ."

ಅವನಿಗೆ ಏನು ತಿಳಿಯಿತೆಂಬುದು ಅವಳಿಗೂ ಹೊಳೆಯಿತು. ಮುಟ್ಟಿದರೆ ಮೈಲಿಗೆ ಎನ್ನುವ ಮನೆಯವಳು ಎಂದುಕೊಂಡ! 'ಅಲ್ಲ, ನಾನೂ ಹಲಗೆ ಬಾರಿಸುವವನ ಮಗಳೇ' ಎಂದು ಹೇಳಬಹುದಿತ್ತು. ಹೇಳಲಿಲ್ಲ.

ಅವಳ ಊರು ಬಾಗಲವಾಡದಲ್ಲಿ ಒಮ್ಮೆ ಅವಳಪ್ಪ ಅಯ್ಯಪ್ಪ ಜ್ವರದಲ್ಲಿ ಮಲಗಿದ್ದ. ಗೌಡರ ಮನೆಯ ಹೆಣದ ಮುಂದೆ ಬಾರಿಸಲು ತಡವಾಗಿ ಹೋದದ್ದಕ್ಕೆ, ಊರ ನಡುವೆ ಅವನ ಕೆನ್ನೆಗೆ ಬಿತ್ತು. ಏಟು ತಿಂದವನು ಅಳಲಿಲ್ಲ, ಹಲಗೆ ಬಾರಿಸಿದ. ಕೆನ್ನೆಯ ಮೇಲೆ ಬೆರಳಚ್ಚು, ಕೈಯಲ್ಲಿ ಕೋಲು! ಲಂಗದ ಹುಡುಗಿ ಮೌನೇಶ್ವರಿ ಅದನ್ನು ಕಣ್ಣಾರೆ ಕಂಡಿದ್ದಳು. ಅಂದಿನಿಂದ ಅವಳು ಹಲಗೆ ಮುಟ್ಟಿಲ್ಲ. ಅಪ್ಪ ಸತ್ತಾಗಲೂ, "ಇವನ ಮುಂದ ಯಾರೂ ಬಾರಿಸಬ್ಯಾಡ್ರಿ" ಎಂದು ಅಡ್ಡ ನಿಂತು ಸದ್ದಿಲ್ಲದೆ ಮಣ್ಣು ಮಾಡಿಸಿದ್ದಳು.

ಈಗ ಅವಳು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಈ ಮಹಡಿಯಲ್ಲಿ ಬರೀ 'ಸಿಸ್ಟರ್ ಮೌನೇಶ್ವರಿ'. ಯಾರ ಮಗಳು, ಯಾವ ಕೇರಿ ಎಂದು ಯಾರೂ ಕೇಳದ ಒಂದೇ ಜಾಗ. ಒಮ್ಮೆ ಬಾಯಿಬಿಟ್ಟರೆ ಹಲಗೆ ಇಲ್ಲಿಗೂ ಏರಿ ಬರುತ್ತದೆ... ಆ ಜಾಗವೂ ಹೋಗುತ್ತದೆ!

ಯುವಕನ ಹೆಸರು ಅನಿಲಕುಮಾರ. ದೇವದುರ್ಗದ ಶಾಲೆಯೊಂದರ ಚಿತ್ರಕಲಾ ಮಾಸ್ತರ. ಸಭೆಯ ಮುಖಂಡ ಜಗದೀಶ ಅವನನ್ನು ಕಲಾ ಸಂಜೆಗೆ ಕರೆಸಿದ್ದರು. ಕುಣಿತ, ನಾಟಕ, ವಾದ್ಯ ಎಲ್ಲವನ್ನೂ ಮಾರ್ಮನ್ನರು ಪ್ರೀತಿಯಿಂದ ಮಾಡುತ್ತಾರೆ, ಆದರೆ ಕೆಳಗಿನ ಹಾಲ್‌ನಲ್ಲಿ. ಮೇಲಿನ ಆರಾಧನೆಗೆ ಮೆಲುದನಿಯ ಕೀಬೋರ್ಡ್ ಒಂದೇ.

"ಊರಾಗ ಗುಡಿ ಹೊರಗ ನಿಂತು ಬಾರಿಸು ಅಂತಾರ. ನೀವು ಮೆಟ್ಟಲ ಕೆಳಗ ನಿಲ್ಲಸ್ತೀರಿ. ಭಾಳ ಫರಕ್ ಏನಿಲ್ಲ ಬಿಡ್ರಿ, ಜಗದೀಶಣ್ಣ!" ಎಂದ ಅನಿಲ.

"ಜಾತಿ ಸಲುವಾಗಿ ಅಲ್ಲಪಾ... ಶಾಂತಿ ಕೆಡಬಾರದು ಅಂತ."

"ನಮ್ಮ ಹಲಗಿ ಬಾಯಿ ಬಿಟ್ಟಾಗೆಲ್ಲ ಯಾರದೋ ಶಾಂತಿ ಕೆಟ್ಟೇ ಕೆಡ್ತದ."

ಜಗದೀಶ ನಕ್ಕರು. ಮೌನೇಶ್ವರಿ ನಗಲಿಲ್ಲ. ಆ ಮಾತು ಅವಳೊಳಗೆ ಎಲ್ಲೋ ಹೋಗಿ ನಾಟಿತು.

ಶನಿವಾರ ಸಂಜೆ ತಾಲೀಮು. ಅವಳ ಹಾಡು, ಅವನ ಹಲಗೆ. ಅವನು ಜೋಳದ ದಂಟಿಗೆ ಬೆಂಕಿ ಕೊಟ್ಟು ಚರ್ಮ ಕಾಯಿಸುವಾಗ ಅವಳು ಮುಖ ತಿರುಗಿಸುವಳು. ಬಾರಿಸಲು ತೊಡಗಿದರೆ ಮಾತ್ರ... ಅಯ್ಯೋ, ಕಾಲು ತಾನಾಗಿಯೇ ನೆಲ ಮಿಡಿಯುತ್ತಿತ್ತು!

"ಒಂದು ಮಾತು ಹೇಳ್ಲಿ? ತಾಳ ತೋರಸೋ ಮುಂದ ನಿಮ್ಮ ಕೈ ಹಲಗಿ ಬಾರಿಸೋರ ಕೈ ಆಗ್ತದ," ಎಂದ ಒಂದು ಸಂಜೆ. ಅವಳು ಥಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡಳು. ಆದರೂ ರಾತ್ರಿಯೆಲ್ಲ ಅವಳಿಗೆ ಅದೇ ಧ್ವನಿ. 'ಇವನ ಎದುರು ಎಷ್ಟು ದಿನ ಸುಳ್ಳಾಗಿರಲಿ?'

ಮುಂದಿನ ಶನಿವಾರ ಕೋಲು ಕೆಳಗೆ ಬಿತ್ತು. ಬಗ್ಗಿದ ಅನಿಲ ಹಲಗೆಯನ್ನು ಅವಳತ್ತ ಚಾಚಿದ. "ಒಂದೀಟು ಹಿಡೀರಿ."

ಹಾವು ಕಂಡವಳಂತೆ ಸರಿದಳು. ಹಲಗೆ ನೆಲಕ್ಕೆ ಬಿತ್ತು.

"ಹಾಡಾಕ ನಮ್ಮ ಹಲಗಿ ಬೇಕು, ಮುಟ್ಟಾಕ ಬ್ಯಾಡ! ನಿಮ್ಮಂಥೋರನ್ನ ದೇವದುರ್ಗದಾಗ ಭಾಳ ನೋಡೀನಿ. ನಿಮ್ಮನ್ನ ಬ್ಯಾರೆ ಅಂದ್ಕೊಂಡಿದ್ದೆ... ಮಳ್ಳ ನಾನು! ಸಿಟ್ಟಿನಾಗ ಹಲಗಿ ಮುಟ್ಟಬಾರದು, ನಾಳೆ ಬಂದು ಒಯ್ತೀನಿ. ಕಲಾ ಸಂಜಿಗಿ ಬ್ಯಾರೆಯವರನ್ನ ನೋಡ್ಕೋರಿ."

"ಅನಿಲ್..."

"ಹೇಳ್ರಿ, ಏನು?"

ಅವಳು ನೆಲದ ಮೇಲಿನ ಹಲಗೆಯತ್ತ ಕಣ್ಣಿಳಿಸಿದಳು. ಅವನು ತಿರುಗಿ ನೋಡದೆ ಹೊರಟುಹೋದ. ಜಗದೀಶ ಹಲಗೆಯನ್ನು ಕುರ್ಚಿಯ ಮೇಲಿಟ್ಟು ಹಾಲ್‌ಗೆ ಬೀಗ ಹಾಕಿದರು.

ಭಾನುವಾರ. ಬ್ರೆಡ್ ಮುಗಿದು ನೀರಿನ ತಟ್ಟೆ ಸಾಗುತ್ತಿತ್ತು.

ಧಂ... ಧಂ...

ಈ ಸಲ ಎಲ್ಲರೂ ತಲೆ ಎತ್ತಿದರು! ತಟ್ಟೆಯ ಲೋಟಗಳಲ್ಲಿ ನೀರು ಸುತ್ತು ಸುತ್ತಾಗಿ ನಡುಗಿತು.

ಧಂ!

"ಯವ್ವಾ... ಯಾರೋ ಕರಿಯಾಕತ್ತಾರ," ಎಂದಳು ಬಸ್ಸಮ್ಮ ಮೆಲ್ಲಗೆ. "ಹಿಂದ ಒಂದು ಭಾನುವಾರವೂ ಕೇಳಿದ್ದೆ. ಹೋಗಿ ನೋಡವ್ವ, ಕೂಸ."

ಮೌನೇಶ್ವರಿ ಇಳಿದಳು. ಹಿಂದೆ ಜಗದೀಶ. ಹಾಲ್‌ನ ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು. ಅವರು ಬೀಗ ತೆಗೆದರು. ಕಿಟಕಿಗಳು ಮುಚ್ಚಿದ್ದವು. ದಂಟು ಉರಿಸಿದ ಬೂದಿ ತಣ್ಣಗಿತ್ತು. ಕುರ್ಚಿಯ ಮೇಲೆ ಹಲಗೆ... ಒಂಟಿಯಾಗಿ.

"ಯಾರೂ ಇಲ್ಲಲ್ಲವ್ವ!" ಎಂದರು ಜಗದೀಶ.

ಅವಳು ಹತ್ತಿರ ಹೋದಳು. ಎಷ್ಟೋ ವರ್ಷದ ಮೇಲೆ ಕೈ ಚಾಚಿ ಮುಟ್ಟಿದಳು.

ಬಿಸಿ! ಜ್ವರದ ಮೈಯಂತೆ ಸುಡುವ ಬಿಸಿ!

ಚೌಕಟ್ಟಿನ ಅಂಚಿನಲ್ಲಿ ಸವೆದ ಒಂದು ಗುಳಿ. ಅವಳ ಹೆಬ್ಬೆರಳು ತಾನಾಗಿ ಅದರಲ್ಲಿ ಕೂತಿತು. ಚಿಕ್ಕಂದಿನಲ್ಲಿ ಅಪ್ಪನ ಹೆಬ್ಬೆರಳ ಪಕ್ಕ ತನ್ನದನ್ನೂ ತುರುಕುತ್ತಿದ್ದ ಅದೇ ಗುಳಿ...

"ಮುಟ್ಟಂಗಿಲ್ಲ ಅಂದಿದ್ರಿ?"

ಬಾಗಿಲಲ್ಲಿ ಅನಿಲ. ದೇವದುರ್ಗದ ಬಸ್ಸಿನ ಧೂಳು ಇನ್ನೂ ಅಂಗಿಯ ಮೇಲಿತ್ತು.

"ಇದು ನಮ್ಮಪ್ಪಂದು!" ಜಗದೀಶರ ಎದುರೇ ಅವಳು ಕೂಗಿದಳು. "ನಾ ಬಾಗಲವಾಡದ ಹಲಗಿ ಅಯ್ಯಪ್ಪನ ಮಗಳು. ಮೈಲಿಗಿ ಅಂತ ಅಲ್ಲ... ಇದು ನಮ್ಮಪ್ಪಗ ಏಟು ತಿನ್ನಿಸಿತು ಅಂತ ಮುಟ್ಟಲಿಲ್ಲ! ನಿಮಗ ಎಲ್ಲಿ ಸಿಕ್ತು?"

ಅನಿಲನ ಮುಖ ಬಿಳಿಚಿತು.

"ಅಯ್ಯಪ್ಪಜ್ಜನ ಮಗಳು... ನೀವಾ? ನನಗ ಬಾರಸೋದು ಕಲಿಸಿದಾಂವ ಅಂವಾನ ರೀ. ಮಾನ್ವಿ ಬಸ್ ಸ್ಟ್ಯಾಂಡಿನ್ಯಾಗ ಇದನ್ನ ನನ್ನ ಕೈಯಾಗ ಇಟ್ಟ. 'ಮನ್ಯಾಗ ಇಟ್ರ ನನ್ನ ಕೂಸು ಅಳ್ತಾಳಪಾ' ಅಂದ."

ಅವಳ ಕಣ್ಣು ತುಂಬಿ ಬಂತು.

"ಈಗ ಹೊಡೀತು ಅನಿಲ್... ತಾನ ಹೊಡೀತು. ಎರಡು, ಬಿಡುವು, ಒಂದು."

"ಅದು ಕರಿಯೋ ಬಡಿತ," ಎಂದ ಅನಿಲ. "ಹೆಣದ ಮನಿಯಿಂದ ಒಬ್ಬ ಕರಿತಾನ. ಹೂಳೋ ಕುಣಿ ಕಡಿಯಿಂದ ಇನ್ನೊಬ್ಬ ಓಗೊಡಬೇಕು. ಓಗೊಡೋತನ ಅಂವ ಬಿಡಂಗಿಲ್ಲ."

ಊರ ಹೆಣಗಳಿಗೆಲ್ಲ ದಾರಿಯುದ್ದ ಬಾರಿಸಿದವನಿಗೆ ಓಗೊಡುವವರೇ ಇರಲಿಲ್ಲ.

ಮೌನೇಶ್ವರಿ ಕೋಲು ಕೈಗೆತ್ತಿಕೊಂಡಳು. ಹಲಗೆಯನ್ನು ಎದೆಗೆ ಆನಿಸಿಕೊಂಡಳು. ಒಂದು ಏಟು. ಬಿಡುವು. ಎರಡು ಏಟು. ಗೋಡೆಗಳು ಮೊಳಗಿದವು. ಅವಳು ಕಾದಳು... ಇನ್ನೊಂದು ಕಡೆಯಿಂದ ಏನೂ ಬರಲಿಲ್ಲ. ಬೆರಳ ಕೆಳಗೆ ಚರ್ಮ ಮೆಲ್ಲಮೆಲ್ಲಗೆ ತಣ್ಣಗಾಯಿತು.

ಮೇಲಿನಿಂದ ಬಸ್ಸಮ್ಮನ ಕೂಗು ಕೇಳಿತು: "ಜಗದೀಶಾ! ಆ ಹಲಗಿ ಕತ್ತಲ್ಯಾಗ ಯಾಕ ಇಟ್ಟೀಯೋ? ಮ್ಯಾಲೆ ತರಸು!"

ಜಗದೀಶ ತಲೆ ತಗ್ಗಿಸಿ ನಿಂತಿದ್ದರು. "ಹಲಗಿ ಬ್ಯಾಡ ಅಂತ ದೇವರು ಹೇಳಿಲ್ಲವ್ವ... ನಾವ ಅಂದ್ಕೊಂಡಿದ್ವಿ," ಎಂದು ದಾರಿ ಬಿಟ್ಟು ಮೇಲೆ ಹತ್ತಿದರು.

ಇಬ್ಬರೇ ಉಳಿದರು. ಅನಿಲ ಅವಳ ಕೈಯನ್ನು ತನ್ನ ಎರಡೂ ಅಂಗೈಯಲ್ಲಿ ಹಿಡಿದ.

"ಮೌನಾ... ನಿನ್ನ ಮ್ಯಾಲೆ ನನಗ ಭಾಳ ಜೀವ ಅದ."

"ನಾ ಯಾರ ಮಗಳು ಅಂತ ತಿಳಿದ ಮ್ಯಾಲೋ... ಮೊದಲೋ?"

"ಮೊದಲಽ. ಇಲ್ಲಂದ್ರ ನಿನ್ನೆ ಅಷ್ಟು ಸಿಟ್ಟು ಯಾಕ ಬರ್ತಿತ್ತು ಹೇಳು?"

ಅಳುವಿನ ನಡುವೆಯೇ ಅವಳಿಗೆ ನಗು ಬಂತು. "ಹಂಗಾರ ಕೆಳಗ ನಿಂದ್ರಬ್ಯಾಡ. ಮ್ಯಾಲೆ ಬಾ."

"ಹಲಗಿ?"

"ನಾ ಹೊರ್ತೀನಿ. ನೀ ನನ್ನ ಕೈ ಬಿಡಬ್ಯಾಡ... ಅಷ್ಟ."