ತುಟಿ ತಪ್ಪಿದ ಮಾತು

ಗಿರಣಿಯ ನೇಯ್ಗೆ ಕೋಣೆಯಲ್ಲಿ ಯಾರೂ ಕೂಗಿ ಮಾತಾಡುತ್ತಿರಲಿಲ್ಲ. ಕೂಗಿದರೂ ಮಗ್ಗಗಳ ಸದ್ದಿನಲ್ಲಿ ಕೇಳಿಸುತ್ತಿರಲಿಲ್ಲ. ತುಟಿ ನೋಡಿಯೇ ಮಾತು ಹಿಡಿಯಬೇಕು. ಮಗ್ಗ ರಿಪೇರಿಗೆಂದು ವರ್ಮಾಂಟಿನ ಹಳ್ಳಿಯಿಂದ ಬಂದ ಜೇಬೆಜ್‌ಗೆ ಅದನ್ನು ಕಲಿಸಿದವಳು ಅಲ್ಲಿ ಮಗ್ಗ ನಡೆಸುತ್ತಿದ್ದ ಟ್ರಿಫೀನಾ. ಊಟದ ಬಿಡುವಿನಲ್ಲಿ, ಮೆಟ್ಟಿಲ ಮೇಲೆ ಕೂತು.

"ಏನೋ, ಹಾಗೆ ನೋಡ್ತೀಯ ನನ್ನ ತುಟೀನ?"

"ಪಾಠ ಕಲೀತಿದ್ದೀನಿ, ಟೀಚರಮ್ಮ."

"ಪಾಠ ಆಗ್ಲೇ ಮುಗೀತು."

"ನಾನು ದಡ್ಡ. ಇನ್ನೊಂದ್ಸಲ ಹೇಳ್ಕೊಡಿ."

ನಗು ಕಾಣದಿರಲೆಂದು ಅವಳು ಮುಖ ತಿರುಗಿಸಿದಳು. ಅವನು ಕೆನ್ನೆಯ ಗುಳಿಯನ್ನೂ ಓದಿಬಿಟ್ಟ.

ಆ ಚಳಿಗಾಲ ಮಾಲೀಕರು ಮಗ್ಗಗಳ ವೇಗ ಹೆಚ್ಚಿಸಿದರು. ಎರಡು ಮಗ್ಗ ನೋಡುತ್ತಿದ್ದವಳ ಪಾಲಿಗೆ ನಾಲ್ಕು ಬಂದವು. "ಹುಡುಗೀರ ಕೈ ಹೋಗುತ್ತೆ, ಸಾರ್" ಎಂದ ಜೇಬೆಜ್‌ನನ್ನು ಮೇಸ್ತ್ರಿ ನಿಂತ ಕಾಲಲ್ಲೇ ಕೆಲಸದಿಂದ ತೆಗೆದ.

ಕೋಟು ತೋಳಿಗೆ ಹಾಕಿಕೊಂಡು ಅವನು ಬಾಗಿಲಲ್ಲಿ ನಿಂತ. ಮಗ್ಗ ಬಿಟ್ಟು ಅವನ ಬಳಿ ಹೋದರೆ ಟ್ರಿಫೀನಾಳ ಕೆಲಸವೂ ಹೋಗುತ್ತಿತ್ತು. ಊರಲ್ಲಿ ತಾಯಿ ಅವಳನ್ನೇ ನಂಬಿದ್ದಳು.

"ಓಹಾಯೋಗೆ ಹೋಗ್ತಿದ್ದೀನಿ, ರೈಲು ಹಳಿ ಹಾಕೋ ಕೆಲಸಕ್ಕೆ," ಎಂದವು ಅವನ ತುಟಿಗಳು. "ನಮ್ಮ ಡೇರೆ ಇವತ್ತೊಂದು ಕಡೆ, ನಾಳೆ ಇನ್ನೊಂದು ಕಡೆ. ವಿಳಾಸ ಇರಲ್ಲ. ನಾನೇ ಕಾಗದ ಬರೀಲಾ?"

ಹೂಂ ಎಂದು ತಲೆಯಾಡಿಸಿದ್ದರೆ ಸಾಕಿತ್ತು. ಅವಳಿಗೆ ಅಷ್ಟು ಸಾಲದೆನಿಸಿತು.

"ಮರೀಬೇಡ," ಅಂದಳು.

ಅವನ ಮುಖ ಬಿಳಿಚಿತು. ಒಂದು ಗಳಿಗೆ ಅವಳನ್ನೇ ನೋಡಿ ಮೆಟ್ಟಿಲಿಳಿದ.

ಪಕ್ಕದ ಮಗ್ಗದ ಡಾರ್ಕಸ್ ಕಣ್ಣರಳಿಸಿ ಅವಳ ಕಿವಿಗೇ ಬಾಯಿಟ್ಟು ಕೇಳಿದಳು. "ಅಲ್ವೇ, ಅಷ್ಟು ಆಸೆಯಿಂದ ಕೇಳಿದ್ರೆ ಬರೀಬೇಡ ಅಂದುಬಿಟ್ಯಾ?"

ಟ್ರಿಫೀನಾಳಿಗೆ ಆಗ ಹೊಳೆಯಿತು. ಮ ಅಂದರೂ ಬ ಅಂದರೂ ತುಟಿ ಮುಚ್ಚಿ ತೆರೆಯುವುದು ಒಂದೇ ಥರ.

ಮಗ್ಗಗಳನ್ನು ಬಿಟ್ಟು ಕಿಟಕಿಗೆ ಓಡಿದಳು. ನೂಲು ಒಣಗಬಾರದೆಂದು ಕಿಟಕಿಗಳನ್ನು ಮೊಳೆ ಹೊಡೆದು ಮುಚ್ಚಿದ್ದರು. ಕೆಳಗೆ, ಸೇತುವೆಯ ಮೇಲೆ, ಅವನು ತಿರುಗಿ ನೋಡುತ್ತಿದ್ದ.

"ಬರಿ" ಎನ್ನಲು ತುಟಿ ಮುಚ್ಚಿದವಳು ಹಾಗೆಯೇ ತಡೆದಳು. ಅದೂ ಅವನಿಗೆ "ಮರಿ" ಎಂದು ಕಂಡರೆ? ಮರೆತುಬಿಡು ಅಂದ ಹಾಗೆ ಕಂಡರೆ?

ಬೆರಳನ್ನು ಲೇಖನಿಯಂತೆ ಹಿಡಿದು ಗಾಳಿಯಲ್ಲಿ ಬರೆದು ತೋರಿಸಿದಳು. ಮೇಸ್ತ್ರಿಯ ಕೈ ಹೆಗಲ ಮೇಲೆ ಬಿತ್ತು. ಅವಳು ನಿಲ್ಲಿಸಲಿಲ್ಲ. ಅಲ್ಲಿಂದ ಜೇಬೆಜ್ ಟೋಪಿ ತೆಗೆದು ಬೀಸಿದ, ಅವಳ ವಿದಾಯಕ್ಕೆ ತನ್ನದೂ ವಿದಾಯವೆಂಬಂತೆ.

ಅವಳು ಬರೆಯುತ್ತಲೇ ಇದ್ದಳು. ಅವನು ಕೈ ಬೀಸುತ್ತಲೇ ಸೇತುವೆ ದಾಟಿದ.